ಆಧಾರ್ ಕೊಟ್ಟು ಬಯಲಿನಲ್ಲಿ ಮಲಗಿದ ಪ್ರಸಂಗ

ನಗರದೊಳಗೇ ಕಾಡು, ತಲೆಗೆ ಕೇವಲ 999 ರೂಪಾಯಿ. ಈ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಮರದ ಕೆಳಗೊಂದು ಟೆಂಟು, ಟೆಂಟಿನ ಮುಂದೆ ಬೆಂಕಿ, ಬೆಂಕಿಯ ಪಕ್ಕ ಗಿಟಾರು ಹಿಡಿದ ಗಡ್ಡದ ಹುಡುಗ, ಮೇಲೆ ಎಣಿಸಲಾರದಷ್ಟು ನಕ್ಷತ್ರ. ನಮ್ಮ ಮನೆಯಲ್ಲಿ ಅದನ್ನು ಮೊದಲು ಕಂಡವನು ಮಗ. ಮೂರು ಜನಕ್ಕೆ ಬುಕ್ ಮಾಡಿ, ದುಡ್ಡು ಕಟ್ಟಿ, ಆಮೇಲೆ ಅಭಿಪ್ರಾಯ ಕೇಳಿದ. ಈಗಿನ ಮಕ್ಕಳು ಸರ್ಕಾರದ ಹಾಗೆ. ಮರ ಉರುಳಿಸಿದ ಮೇಲೆ ಆಕ್ಷೇಪಣೆಗೆ ಆಹ್ವಾನ.

ಜಾಗ ಬೆಂಗಳೂರಿನ ದಕ್ಷಿಣದ ಅಂಚು, ತುರಹಳ್ಳಿ ಕಾಡಿನ ಮಗ್ಗುಲು. ಹಸಿರು ಇದೆ ಎಂಬುದರಲ್ಲಿ ಸುಳ್ಳಿಲ್ಲ. ಹತ್ತಿಪ್ಪತ್ತು ಹಳೆಯ ಮಾವಿನ ಮರ, ನಾಲ್ಕು ಹೊಂಗೆ, ಕೆಳಗೆ ಹಾಸಿದ ಹಸಿರು ಪ್ಲಾಸ್ಟಿಕ್ ಹುಲ್ಲು. ಮೂರು ಕಡೆ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟುಗಳು, ನಾಲ್ಕನೆಯ ಕಡೆ ಹದಿನಾಲ್ಕಾಗಲು ಹೊರಟು ಏಳಕ್ಕೆ ಬಂದು ನಿಂತಿರುವ ಇನ್ನೊಂದು. ನಕ್ಷತ್ರ ವೀಕ್ಷಣೆಗೆಂದು ಕತ್ತೆತ್ತಿದರೆ ಕ್ರೇನಿನ ತುದಿಯ ಕೆಂಪು ದೀಪ. ಮಗ ಅದನ್ನು ಮಂಗಳ ಗ್ರಹವೆಂದೇ ನಂಬಿ ಫೋಟೊ ತೆಗೆದ.

ತುರಹಳ್ಳಿ ಎಂದಾಗ ನೆನಪಾಯಿತು. 2021ರಲ್ಲಿ ಇದೇ ಕಾಡಿನಲ್ಲಿ ವೃಕ್ಷೋದ್ಯಾನ ಮಾಡಲು ಅರಣ್ಯ ಇಲಾಖೆ ಹೊರಟಿತ್ತಲ್ಲ? ಕಾಡಿನಲ್ಲಿ ವೃಕ್ಷೋದ್ಯಾನ! ಕೆರೆಯೊಳಗೆ ಈಜುಕೊಳ ತೋಡಿದ ಹಾಗೆ. ಜನ ಬೀದಿಗಿಳಿದು ಗಲಾಟೆ ಮಾಡಿದ್ದಕ್ಕೆ ಕೈಬಿಟ್ಟರು. ಇಲಾಖೆಯ ದೂರದೃಷ್ಟಿ ನಮಗೆ ಆಗ ತಿಳಿಯಲಿಲ್ಲ. ಕಾಡು ತನ್ನ ಪಾಡಿಗೆ ತಾನು ಕಾಡಾಗಿಯೇ ಬಿದ್ದಿದ್ದರೆ ಅದನ್ನು ಉದ್ಘಾಟಿಸುವುದು ಹೇಗೆ? ಟೇಪು ಎಲ್ಲಿ ಕಟ್ಟುವುದು? ಖಾಸಗಿಯವರಿಗೆ ಈ ತೊಡಕಿಲ್ಲ. ಅವರು ತೋಪಿಗೆ ಬೇಲಿ ಹಾಕಿ, ಮರಗಳಿಗೆ ಸೀರಿಯಲ್ ಸೆಟ್ ಸುತ್ತಿ, ಕಾಡು ಎಂದು ಬೋರ್ಡು ಹಾಕಿದರು. ಕಾಡಾಯಿತು.

ಗೇಟಿನಲ್ಲಿ ಆಧಾರ್ ಕೇಳಿದರು. ಮೂವರದೂ ಜೆರಾಕ್ಸ್ ಬೇಕು, ಮೊಬೈಲಿನಲ್ಲಿ ತೋರಿಸಿದರೆ ನಡೆಯುವುದಿಲ್ಲ. ಬಯಲಿನಲ್ಲಿ ಮಲಗಲು ಗುರುತಿನ ದಾಖಲೆ ಬೇಕೆಂದು ನಾನು ಈ ವಯಸ್ಸಿನಲ್ಲಿ ಕಲಿತೆ.

ಬಿಲ್ಲಿನ ವಿಚಾರಕ್ಕೆ ಬರೋಣ, ಅಲ್ಲಿ ರಸವಿದೆ. ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ವಸತಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. ಆ ವಿನಾಯಿತಿಯ ಸಾಲಿನಲ್ಲಿ ಹೋಟೆಲ್, ಇನ್, ಗೆಸ್ಟ್ ಹೌಸ್, ಕ್ಲಬ್ ಆದಮೇಲೆ ಒಂದು ಪದ ಬರುತ್ತಿತ್ತು: ಕ್ಯಾಂಪ್‌ಸೈಟ್. ದೆಹಲಿಯ ಯಾವ ಪುಣ್ಯಾತ್ಮ ಅಧಿಕಾರಿಗೆ ಟೆಂಟಿನಲ್ಲಿ ಮಲಗುವವರ ನೆನಪಾಯಿತೋ! ಆದರೆ ನೆನಪಾದದ್ದೇ ತಪ್ಪಾಯಿತು. 2022ರ ಜುಲೈ 18ರಿಂದ ವಿನಾಯಿತಿ ಹೋಗಿ ಶೇಕಡಾ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಯಿತು. ವಿನಾಯಿತಿ ಹೋದರೂ 999 ಎಂಬ ಅಂಕಿ ಮಾತ್ರ ಹೋಗಿಲ್ಲ, ಸತ್ತ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಯಂತೆ. ತಲೆಗೆ 1,048 ರೂಪಾಯಿ 95 ಪೈಸೆ ಆಯಿತು, 1,050 ಹಿಡಿದುಕೊಂಡರು. ಬೆಂಕಿಗೆ ಬೇರೆ 300. ಮರ ಉಳಿಸಿ ಎಂದು ಬರೆದ ಟೀ ಶರ್ಟು ತೊಟ್ಟ ಹುಡುಗನೊಬ್ಬ ಕಟ್ಟಿಗೆಯ ಹೊರೆ ತಂದು ಹಾಕಿದ.

ನಿಯಮಗಳ ಫಲಕವನ್ನು ಮಾತ್ರ ಮೆಚ್ಚಲೇಬೇಕು. ಹತ್ತರ ಮೇಲೆ ಗಲಾಟೆ ಬೇಡ, ಮಾವಿನ ಕಾಯಿ ಮುಟ್ಟಬೇಡಿ, ಫಸಲು ಗುತ್ತಿಗೆಗೆ ಹೋಗಿದೆ. ಕೊನೆಯ ಸಾಲು: ಮರಗಳಿಗೂ ನೋವಾಗುತ್ತದೆ. ಈ ಫಲಕವನ್ನು ಮಾವಿನ ಕಾಂಡಕ್ಕೆ ಆರು ಮೊಳೆ ಹೊಡೆದು ನಿಲ್ಲಿಸಿದ್ದರು. ಒಂದು ಮೊಳೆಯ ಬುಡದಿಂದ ಅಂಟು ಸೋರಿ, ನೋವಾಗುತ್ತದೆ ಎಂಬಲ್ಲಿಗೇ ಇಳಿದು ಗಟ್ಟಿಯಾಗಿತ್ತು.

ಸಂಜೆ ಟೆಂಟಿನ ಬಾಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಐದನೆಯ ಮಹಡಿಯ ಬಾಲ್ಕನಿಯಿಂದ ಮಗುವೊಂದು ಕೂಗಿತು: "ಅಮ್ಮಾ, ಗುಡಿಸಲಿಗೆ ಹೊಸಬರು ಬಂದಿದ್ದಾರೆ!" ತಾಯಿ ಬಟ್ಟೆ ಹರವುವುದನ್ನು ಬಿಟ್ಟು ಬಗ್ಗಿ ನೋಡಿದರು. ನನ್ನಾಕೆ ಮುಖಕ್ಕೆ ಸೆರಗು ಅಡ್ಡ ಹಿಡಿದಳು.

ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. "ಮನೆಗೆ ಏನಾಯಿತಪ್ಪಾ?" ಎಂದು ಗಾಬರಿಯಾದಳು. ವಿವರಿಸಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಮ್ಮ ತಾತ ವರ್ಷಕ್ಕೆ ಒಂದು ತಿಂಗಳು ಕಣದಲ್ಲೇ ಮಲಗುತ್ತಿದ್ದರು, ಯಾರೂ ಕಾಸು ಕೇಳಲಿಲ್ಲ" ಎಂದಳು. ನಿಜ. ರಾಗಿ ಮೆದೆ ಕಾಯಲು ತಾತ ಹೋಗುತ್ತಿದ್ದುದು ಒಂದು ಕರಿ ಕಂಬಳಿ, ಒಂದು ಲಾಟೀನು, ಒಂದು ದೊಣ್ಣೆಯೊಡನೆ. ನಾನೂ ಹಟ ಹಿಡಿದು ಒಂದೆರಡು ಸಲ ಜೊತೆಗೆ ಹೋಗಿದ್ದೆ. ಸಗಣಿ ಸಾರಿಸಿದ ಕಣದ ತಂಪು ಬೆನ್ನಿಗೆ ಹತ್ತುತ್ತಿತ್ತು, ಕಂಬಳಿ ಚುಚ್ಚುತ್ತಿತ್ತು, ತಾತನ ಗೊರಕೆಗೆ ಹೆದರಿ ಇಲಿಗಳೂ ಬರುತ್ತಿರಲಿಲ್ಲ. ಬೆಳಗಿನ ಜಾವ ಇಬ್ಬನಿಗೆ ಕಂಬಳಿ ಒದ್ದೆಯಾಗಿ ಕುರಿಯ ವಾಸನೆ ಬರುತ್ತಿತ್ತು. ತಾತ ಅದನ್ನು ಅನುಭವ ಎಂದು ಯಾರಿಗೂ ಮಾರಲಿಲ್ಲ. ದಡ್ಡ ಮನುಷ್ಯ, ಹೆಸರಿಗೆ ಎರಡು ಎಕರೆ ಬಿಟ್ಟು ಹೋದ.

ಇಲ್ಲಿ ನಮಗೆ ಕೊಟ್ಟದ್ದು ಗಾಳಿ ತುಂಬಿದ ಹಾಸಿಗೆ. ರಾತ್ರಿ ಒಂದರ ಹೊತ್ತಿಗೆ ಅದರ ಪ್ರಾಣ ಹೋಯಿತು. ಸೊಳ್ಳೆಗಳು ಜಿಪ್ ತೆಗೆಯುವುದನ್ನು ಎಲ್ಲಿ ಕಲಿತವೋ ತಿಳಿಯದು.

ನಿದ್ದೆ ಬಾರದೆ ಹೊರಗೆ ಬಂದು ನಿಂತೆ. ಬೇಲಿಯಾಚೆ, ಏಳಂತಸ್ತಿನ ಬುಡದಲ್ಲಿ, ನೀಲಿ ಟಾರ್ಪಾಲಿನ ಸಾಲು. ಅದೇ ಆಕಾರ, ಅದೇ ಎತ್ತರ, ಬಗ್ಗಿಯೇ ಒಳಗೆ ಹೋಗಬೇಕು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದು ಈ ನಗರವನ್ನು ಕಟ್ಟುತ್ತಿರುವವರು. ಅವರದನ್ನು ನಾವು ಒತ್ತುವರಿ ಎನ್ನುತ್ತೇವೆ, ನಮ್ಮದನ್ನು ವೀಕೆಂಡ್ ಎನ್ನುತ್ತೇವೆ. 2020ರ ಜನವರಿಯಲ್ಲಿ ಇದೇ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಇಂಥವೇ ಗುಡಿಸಲುಗಳನ್ನು ಬಾಂಗ್ಲಾದೇಶದವರದೆಂದು ಹೇಳಿ ಕೆಡವಿದರು. ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಕನ್ನಡದಲ್ಲೇ ಅತ್ತರು. ಅವರೂ ಆಧಾರ್ ತೋರಿಸಿದರು, ಮತದಾರರ ಚೀಟಿ ತೋರಿಸಿದರು. ಹೈಕೋರ್ಟು ಮಧ್ಯೆ ಬರಬೇಕಾಯಿತು. ನನ್ನ ಆಧಾರಿನ ಜೆರಾಕ್ಸಿಗೆ ಟೆಂಟಿನ ಬಾಗಿಲು ತೆರೆಯುತ್ತದೆ, ಅವರ ಅಸಲು ಕಾರ್ಡಿಗೆ ಜೆಸಿಬಿ ನಿಲ್ಲುವುದಿಲ್ಲ. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಹೊಳೆಯುತ್ತಿಲ್ಲ, ಕ್ಷಮಿಸಿ. ಪ್ರತಿ ವರ್ಷ ಇದನ್ನೇ ಬರೆದು ಸಾಕಾಗಿದೆ.

ಮೂರು ಗಂಟೆಗೆ ಮಳೆ ಬಂತು. ಮೇ ತಿಂಗಳ ಮಳೆ, ಗುಡುಗು ಸಿಡಿಲಿನ ಸಮೇತ. ಟೆಂಟಿನ ನೆತ್ತಿಯಿಂದ ಮೊದಲು ತೊಟ್ಟು, ಆಮೇಲೆ ಧಾರೆ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ನೀರು ಇಂಗುವುದಿಲ್ಲವಲ್ಲ, ಸತ್ತಿದ್ದ ಹಾಸಿಗೆ ತೇಲತೊಡಗಿತು. ಬುಕ್ ಮಾಡಿದ ನಂಬರಿಗೆ ಕರೆ ಮಾಡಿದರೆ ಹಾಡು ಕೇಳಿಸಿತು. ಚಪ್ಪಲಿ ಕೈಯಲ್ಲಿ ಹಿಡಿದು ಮೂವರೂ ಗೇಟಿನ ಪಕ್ಕದ ಕಾವಲುಗಾರನ ಜೋಪಡಿಗೆ ಓಡಿದೆವು. ನಾಲ್ಕು ಬೊಂಬು, ಮೇಲೆ ನೀಲಿ ಟಾರ್ಪಾಲು, ಅಂಚಿಗೆ ಇಟ್ಟಿಗೆಯ ಭಾರ. ಒಳಗೆ ಒಂದು ಹನಿ ಸೋರುತ್ತಿರಲಿಲ್ಲ. ಆತ ದೇವದುರ್ಗದ ಕಡೆಯವನು, ಆತನ ಹೆಂಡತಿ ಪಕ್ಕದ ಕಟ್ಟಡದಲ್ಲಿ ಜಲ್ಲಿ ಹೊರುತ್ತಾಳೆ. ಆಕೆ ಎದ್ದು, ಮಲಗಿದ್ದ ಮಗುವನ್ನು ಪಕ್ಕಕ್ಕೆ ಸರಿಸಿ ಚಾಪೆ ಕೊಟ್ಟಳು. ಆತ ಸ್ಟೌ ಹಚ್ಚಿ ಚಹಾ ಇಟ್ಟ. ಮಗ ಮೊದಲ ಸಲ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಕುಳಿತ.

"ಚೆನ್ನಾಗಿ ಕಟ್ಟಿದ್ದೀಯಪ್ಪಾ, ಒಂದು ಹನಿ ಬೀಳುತ್ತಿಲ್ಲ" ಎಂದೆ.

"ಎಲ್ಲಿ ಸರ್, ಮುಂದಿನ ತಿಂಗಳು ಇದನ್ನು ಎತ್ತಬೇಕಂತೆ" ಎಂದು ಆತ ಲೋಟ ಮುಂದೆ ಹಿಡಿದ. "ಟೆಂಟಿಗೆ ಬರುವವರ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ."