ಯಾರೂ ಮುಟ್ಟದ ಜೀಪು ಬೇಕಂತೆ

ನಮ್ಮ ಕೊಟ್ಟಿಗೆಯಲ್ಲಿ ಒಂದು ಜೀಪು ಇತ್ತು. ಸರಿಯಾಗಿ ಹೇಳಬೇಕೆಂದರೆ, ಜೀಪಿನ ಆಕಾರದ ಒಂದು ಕೋಳಿಗೂಡು ಇತ್ತು.

1968ರಲ್ಲಿ ಅಪ್ಪ ತಂದ ಮಹೀಂದ್ರ ಸಿಜೆ-3ಬಿ ಅದು. ನಂಬರ್ ಪ್ಲೇಟಿನಲ್ಲಿ ಈಗಲೂ 'ಎಂವೈ' ಅಂತಲೇ ಇದೆ. ಅಂದರೆ 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆದ ಸುದ್ದಿ ನಮ್ಮ ಜೀಪಿಗೆ ಇನ್ನೂ ತಲುಪಿಲ್ಲ. ಆಲ್ದೂರಿನಿಂದ ನಮ್ಮ ತೋಟಕ್ಕೆ ಬರುವ ದಾರಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇತ್ತು. ಅಪ್ಪ ಅದರ ಮೇಲೆ ಕೂತು, ಬೀಡಿ ಎಳೆಯುತ್ತಾ ಚಾರ್ಮಾಡಿ ಘಾಟಿ ಇಳಿಯುತ್ತಿದ್ದರು. ಕಾಫಿ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸರು, ಎಲ್ಲವೂ ಅದರಲ್ಲೇ. ನಾನು ಜೀಪಿನಲ್ಲೇ ಹುಟ್ಟಬೇಕಿತ್ತಂತೆ, ಹತ್ತು ನಿಮಿಷದಲ್ಲಿ ತಪ್ಪಿತು ಅಂತ ಅಮ್ಮ ಹೇಳುತ್ತಿದ್ದರು.

ಕಾಫಿಗೆ ರೇಟು ಬಂದ ವರ್ಷ ಬೆಳೆಗಾರನಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ಹೋಂಸ್ಟೇ ಕಟ್ಟುತ್ತಾರೆ. ನಾನು ಜೀಪು ಎಬ್ಬಿಸಲು ಹೊರಟೆ.

ಒಬ್ಬನೇ ಆಗಿದ್ದರೆ ಬಾನೆಟ್ ಎತ್ತುವುದರಲ್ಲೇ ಮುಗಿಯುತ್ತಿತ್ತು. ಮೊದಲು ಮೆಕ್ಯಾನಿಕ್ ಭಾಯ್ ಬಂದರು. ಕಾವು ಕೂತಿದ್ದ ಕೋಳಿಯ ಹತ್ತಿರ ಕಚ್ಚಿಸಿಕೊಂಡು, "ಗಾಡಿಗೆ ಜೀವ ಇದೆ ಗೌಡ್ರೆ" ಅಂದರು. ಆಮೇಲೆ ವೆಲ್ಡಿಂಗ್ ಹುಡುಗ ಬಂದ. ಮಲೆನಾಡಿನ ಮಳೆಗೆ ಜೀಪಿನ ತಳ ಜರಡಿ ಆಗಿತ್ತು. ಅವನು ಎಲ್ಲಿಂದಲೋ ಡಾಂಬರಿನ ಖಾಲಿ ಡ್ರಮ್ಮು ತಂದು, ಕತ್ತರಿಸಿ, ತಟ್ಟಿ ಕೂರಿಸಿದ. ನಮ್ಮ ರಸ್ತೆಗೆ ಮೂವತ್ತು ವರ್ಷದಿಂದ ಬರದ ಡಾಂಬರು ಕೊನೆಗೂ ಹೀಗಾದರೂ ನಮ್ಮನ್ನು ತಲುಪಿತು. ಪೇಟೆಯ ಲೇತಿನವರು ಸ್ಪ್ರಿಂಗ್ ಪ್ಲೇಟಿಗೆ ಬೇಕಾದ ಬುಷ್ ಕಡೆದುಕೊಟ್ಟು, ದುಡ್ಡಿನ ಬದಲು ಎರಡು ಕೆಜಿ ಕಾಫಿಪುಡಿ ತಗೊಂಡರು.

ಎಲ್ಲರಿಗಿಂತ ದೊಡ್ಡ ಸಹಾಯ ಅಪ್ಪನ ಕಾಲದ ಡ್ರೈವರ್ ಅಜ್ಜನದು. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಕಣದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದೆವು. ಸ್ಟಾರ್ಟ್ ಮಾಡಿದಾಗೆಲ್ಲ ತಲೆ ಓರೆ ಮಾಡಿ ಕೇಳುತ್ತಾ, "ಮೂರನೇ ಸಿಲಿಂಡರ್ ಹೊಡೀತಿಲ್ಲ" ಅನ್ನುತ್ತಿದ್ದರು. ಭಾಯ್ ಬಿಚ್ಚಿ ನೋಡಿದರೆ ಮೂರನೇದೇ.

ಬರೀ ಸಲಹೆ ಕೊಟ್ಟವರ ಲೆಕ್ಕ ಇಲ್ಲಿ ಬೇಡ. ಅದಕ್ಕೇ ಒಂದು ಪುಸ್ತಕ ಆಗುತ್ತದೆ.

ಆರು ತಿಂಗಳಾದ ಮೇಲೆ ಜೀಪು ತನ್ನ ಕಾಲ ಮೇಲೆ ತಾನೇ ಕಣಕ್ಕೆ ಬಂತು. ಎಲ್ಲರೂ ಸುತ್ತ ನಿಂತು ಟೀ ಕುಡಿಯುತ್ತಿದ್ದೆವು. ಬೆಂಗಳೂರಿಂದ ಬಂದಿದ್ದ ಅಕ್ಕನ ಮಗ ಮೊಬೈಲ್ ತೆಗೆದ. ಅನಾಹುತ ಶುರುವಾಗಿದ್ದೇ ಅಲ್ಲಿ.

"ಮಾವ, ಇದು ವಿಂಟೇಜ್! ಐವತ್ತು ವರ್ಷ ದಾಟಿದ ಗಾಡಿಗೆ ಕೇಂದ್ರ ಸರ್ಕಾರ 2021ರಲ್ಲೇ ಬೇರೆ ರೂಲ್ಸ್ ಮಾಡಿದೆ. 20,000 ರೂಪಾಯಿ ಕಟ್ಟಿದ್ರೆ ಹತ್ತು ವರ್ಷಕ್ಕೆ ರಿಜಿಸ್ಟ್ರೇಷನ್. ನಂಬರಿನಲ್ಲಿ 'ವಿಎ' ಅಂತ ಬರುತ್ತೆ. ಹಳೇ ನಂಬರೇ ಬೇಕು ಅಂದ್ರೆ ಅದನ್ನೇ ಇಟ್ಕೋಬಹುದು."

ಎಲ್ಲರ ಮುಖ ಅರಳಿತು. ಕೊಟ್ಟಿಗೆಯ ಗುಜರಿಗೆ ಸರ್ಕಾರದ ಮರ್ಯಾದೆ ಅಂದರೆ ಸುಮ್ನೆನಾ?

"ಆದ್ರೆ ಗಾಡಿ ಮೂಲ ರೂಪದಲ್ಲೇ ಇರಬೇಕು" ಅಂತ ಅವನು ಮುಂದೆ ಓದಿದ. "ದೊಡ್ಡ ಓವರ್‌ಹಾಲ್ ಆಗಿರಬಾರದು. ಅಂದ್ರೆ ಛಾಸಿ, ಬಾಡಿ, ಎಂಜಿನ್, ಯಾವುದರಲ್ಲೂ ಬದಲಾವಣೆ ಇರಬಾರದು."

ಭಾಯ್ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಮತ್ತೆ ಉಳಿದಿದ್ದೇನು? ಹಾರ್ನಾ?"

"ಹಾರ್ನ್ ಆವಾಗ್ಲೂ ಇರ್ಲಿಲ್ಲ" ಅಂದರು ಅಜ್ಜ ಕುರ್ಚಿಯಿಂದ.

ಡ್ರಮ್ಮಿನ ತಳ ಹೇಗೋ ಮುಚ್ಚಿಡಬಹುದು. ಎಂಜಿನ್ನಿನದು ದೊಡ್ಡ ಕತೆ. ಸಿಜೆ-3ಬಿಯ ಬಾನೆಟ್ ಬೇರೆ ಹಳೇ ಜೀಪುಗಳಿಗಿಂತ ಎತ್ತರ. ಅದು ಚಂದಕ್ಕೆ ಮಾಡಿದ್ದಲ್ಲ. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಸಾಲು ವಾಲ್ವು ತಲೆಯ ಮೇಲಿದೆ. ಎಂಜಿನ್ ಎತ್ತರವಾಯಿತು, ಅದಕ್ಕೆ ಬಾನೆಟ್ಟೂ ಎತ್ತರವಾಯಿತು. ಈಗ ಆ ಎತ್ತರದ ಬಾನೆಟ್ಟಿನ ಕೆಳಗೆ ಡೀಸೆಲ್ ಎಂಜಿನ್ ಕೂತಿದೆ. ಪೆಟ್ರೋಲ್ ಕುಡಿದು ಮನೆ ಹಾಳು ಮಾಡುತ್ತೆ ಅಂತ ಅಪ್ಪನೇ ಎಂಬತ್ತರ ದಶಕದಲ್ಲಿ ಬದಲಿಸಿದ್ದರು. ಆ ಕಾಲದಲ್ಲಿ ಮಲೆನಾಡಿನ ಅರ್ಧ ಜೀಪುಗಳದ್ದು ಇದೇ ಕತೆ.

ಹಾಗಾದರೆ ಹಳೇ ಎಂಜಿನ್? ಅದು ಪಕ್ಕದ ತೋಟದ ಕೆರೆ ಏರಿ ಮೇಲೆ, ಪಂಪಿಗೆ ಸೇರಿಕೊಂಡು ಸ್ಪ್ರಿಂಕ್ಲರ್ ಓಡಿಸುತ್ತಿದೆ. ಪ್ರತಿ ವರ್ಷ ಬೇಸಿಗೆ ಶುರುವಾದಾಗ ಅವರ ಕಾಫಿಗೆ ಹೂವು ಬಿಡಿಸುವುದು ನಮ್ಮಪ್ಪನ ಜೀಪೇ. ಕೇಳಲು ಹೋದೆ. "ಕೊಡಲ್ಲ ಅಂತೀನಾ? ಹೂವಾದ್ಮೇಲೆ ತಗೊಂಡೋಗಿ" ಅಂದರು ಪಕ್ಕದ ಗೌಡರು.

ಈಗ ಲೆಕ್ಕ ಹಾಕಿ. ಡೀಸೆಲ್ ಎಂಜಿನ್ ಇಟ್ಟುಕೊಂಡರೆ ಗಾಡಿ ಮೂಲ ರೂಪದಲ್ಲಿಲ್ಲ. ಮೂಲ ಎಂಜಿನ್ ತಂದು ಕೂರಿಸಿದರೆ ಅದು ಓವರ್‌ಹಾಲ್. ಸರ್ಕಾರಕ್ಕೆ ಬೇಕಾಗಿರುವುದು ಐವತ್ತು ವರ್ಷ ಯಾರೂ ಕೈ ಹಚ್ಚದ ಜೀಪು. ಯಾರೂ ಕೈ ಹಚ್ಚದ ಜೀಪು ಐವತ್ತು ವರ್ಷ ಬಾಳುವುದು ಒಂದೇ ಜಾಗದಲ್ಲಿ, ಕೋಳಿಯ ಕೆಳಗೆ. ನನ್ನ ಹೆಂಡತಿ ಇದನ್ನು ಚುಟುಕಾಗಿ ಹೇಳಿದಳು: "ಕೋಳಿ ಇದ್ದಾಗ್ಲೇ ಅರ್ಜಿ ಹಾಕ್ಬೇಕಿತ್ತು ಕಣ್ರೀ."

ಈ ಮೂಲ ರೂಪ ಅನ್ನುವುದು ಯಾವುದು ಅಂತಲೂ ನನಗೆ ಗೊತ್ತಾಗಲಿಲ್ಲ. ಜೀಪು ಹುಟ್ಟಿದ್ದು ಅಮೆರಿಕದಲ್ಲಿ, ವಿಲ್ಲಿಸ್ ಕಂಪನಿಯದು. ಇಲ್ಲಿ ಜೋಡಿಸಲು ಶುರು ಮಾಡಿದ ಕಂಪನಿ 1945ರಲ್ಲಿ ಹುಟ್ಟಿದಾಗ ಮಹೀಂದ್ರ ಅಂಡ್ ಮೊಹಮ್ಮದ್. 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ರಾಜ್ಯದ ಹೆಸರು ಬದಲಾಯಿತು. 2014ರಲ್ಲಿ ನಮ್ಮ ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲ್ಲಿಂಗೂ ಬದಲಾಯಿತು. ದೇಶದಲ್ಲಿ ಎಲ್ಲರೂ ಓವರ್‌ಹಾಲ್ ಮಾಡಿಸಿಕೊಂಡಿದ್ದಾರೆ. ಜೀಪು ಮಾತ್ರ ಹಾಗೇ ಇರಬೇಕಂತೆ.

"ಇನ್ನೂ ಇದೆ ಮಾವ" ಅಂದ ಅಕ್ಕನ ಮಗ. "ವಿಂಟೇಜ್ ಆದ್ಮೇಲೆ ದಿನಾ ರಸ್ತೆಗೆ ಇಳಿಸೋ ಹಾಗಿಲ್ಲ. ಬಾಡಿಗೆಗೂ ಬಿಡೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಕ್ಸೋದು, ರಿಪೇರಿ. ಇಷ್ಟಕ್ಕೆ ಮಾತ್ರ."

ನನಗೆ ನಗು ತಡೆಯಲಾಗಲಿಲ್ಲ. ಹಳೇ ಜೀಪು ಇಟ್ಟುಕೊಂಡವರನ್ನು ಕೇಳಿ ನೋಡಿ. ಮನೆಯಿಂದ ಬಂಕು, ಬಂಕಿನಿಂದ ಗ್ಯಾರೇಜು. ಅದು ಬೇರೆ ಕಡೆ ಹೋಗಿದ್ದು ಯಾವಾಗ? ಕಾನೂನು ಬರೆದವರ ಮನೆಯಲ್ಲೂ ಒಂದು ಜೀಪು ಇದ್ದಿರಬೇಕು.

ಕಣದಲ್ಲಿ ಸಭೆ ಶುರುವಾಯಿತು. ಬುಧವಾರ ಸಂತೆಗೆ ಹೋಗುವುದು ಹೇಗೆ? ವೆಲ್ಡಿಂಗ್ ಹುಡುಗ, "ಪ್ರದರ್ಶನ ಅನ್ನಿ ಗೌಡ್ರೆ. ಸಂತೇಲಿ ಎಲ್ಲರೂ ನೋಡ್ತಾರಲ್ವಾ?" ಅಂದ. ಕಾಫಿ ಮೂಟೆ ಹೊತ್ತು ಏರು ಹತ್ತುತ್ತಾ ಅಂತ ನೋಡುವುದು ತಾಂತ್ರಿಕ ಸಂಶೋಧನೆ. ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೆ ಮಾತ್ರ ಯಾವ ಕಲಮೂ ಸಿಗಲಿಲ್ಲ. "ನನ್ನನ್ನೂ ವಿಂಟೇಜಿಗೆ ಹಾಕಿ" ಅಂದರು ಅಜ್ಜ. ಅವರಿಗೆ ಕಳೆದ ವರ್ಷ ಮಂಡಿ ಆಪರೇಷನ್ ಆಗಿದೆ, ಹಾಗಾಗಿ ಅವರೂ ಅನರ್ಹರು.

ಅರ್ಜಿ ಇನ್ನೂ ಹಾಕಿಲ್ಲ. ಪಕ್ಕದ ತೋಟದಲ್ಲಿ ಹೂವಾಗುವವರೆಗೆ ಕಾಯಬೇಕು. ಅಷ್ಟರೊಳಗೆ ಎಲ್ಲ ಒಮ್ಮೆ ನೋಡಿಬಿಡೋಣ ಅಂತ ಮೊನ್ನೆ ಭಾಯ್ ಬಂದಿದ್ದರು. ಡೀಸೆಲ್ ಟ್ಯಾಂಕಿನಲ್ಲಿ ಒಂದು ಲೀಟರ್ ಬಿಟ್ಟು ಉಳಿದದ್ದನ್ನು ಕ್ಯಾನಿಗೆ ಇಳಿಸಿದರು. ಎಲ್ಲಿ ತಡೆದರೂ ಬಂಕಿಗೆ ಹೊರಟಿದ್ದೇನೆ ಅನ್ನಬಹುದಲ್ಲ. ಆಮೇಲೆ ಪಾನ ಹಿಡಿದು ಒಂದೊಂದೇ ಬೋಲ್ಟು ಬಿಗಿ ಮಾಡುತ್ತಾ ಹೋದರು. ಹಿಂದಿನ ಬಂಪರಿನ ಹತ್ತಿರ ಒಂದು ಮಾತ್ರ ಸಡಿಲ ಉಳಿದಿತ್ತು. ಮರೆತಿದ್ದಾರೆ ಅಂತ ನಾನೇ ತಿರುಗಿಸಲು ಕೈ ಹಾಕಿದೆ.

"ಅದನ್ನ ಮುಟ್ಬೇಡಿ ಗೌಡ್ರೆ" ಅಂದರು ಭಾಯ್. "ಅದು ಕಾನೂನಿಂದು."