ನೀಲಿ ಚಿಟ್ಟೆಯ ಬೂದು ಮಗ್ಗುಲು

ನೀಲಿ ಚಿಟ್ಟೆಗಳ ಜಾತಿಯನ್ನು ಗುರುತಿಸಲು ಹೊರಟವರಿಗೆ ಎಲ್ಲಕ್ಕಿಂತ ಕಡಿಮೆ ನೆರವಾಗುವುದು ಅವುಗಳ ನೀಲಿ ಬಣ್ಣವೇ. ಹಾರುವಾಗ ಮಿನುಗಿ ಕಣ್ಸೆಳೆಯುವ ಆ ಬಣ್ಣವು, ಚಿಟ್ಟೆ ಹುಲ್ಲಿನ ತುದಿಯಲ್ಲಿ ಕುಳಿತು ರೆಕ್ಕೆ ಮಡಿಸಿದೊಡನೆ ಒಳಗೆ ಅಡಗಿಬಿಡುತ್ತದೆ. ನೀಲಿ ಕಾಣುವಾಗ ನೋಡಲು ವ್ಯವಧಾನವಿಲ್ಲ, ವ್ಯವಧಾನ ದೊರೆತಾಗ ನೀಲಿಯಿಲ್ಲ. ಅಲ್ಲದೆ ಅದು ಬಳಿದ ಬಣ್ಣವೂ ಅಲ್ಲ. ರೆಕ್ಕೆಯ ಹುರುಪೆಗಳ ಸೂಕ್ಷ್ಮ ರಚನೆಗೆ ತಾಗಿ ಬೆಳಕು ಹಿಂದಿರುಗುವಾಗ ಹುಟ್ಟುವ ಈ ಕಾಂತಿ ನೋಡುವ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ, ಹುರುಪೆಗಳು ಉದುರಿದಂತೆ ಮಾಸುತ್ತದೆ. ಹಲವು ಜಾತಿಗಳಲ್ಲಿ ಹೆಣ್ಣುಗಳಂತೂ ಬಹುಪಾಲು ಕಂದು.

ಹಾಗಾಗಿ ಮೊಣಕಾಲೂರಿ ಓದಬೇಕಾದದ್ದು ರೆಕ್ಕೆಯ ಕೆಳಮೈಯನ್ನು. ಬೂದು ಕಾಗದದ ಮೇಲೆ ಮೊನಚಾದ ಲೇಖನಿಯಿಂದ ಚುಕ್ಕೆಯಿಟ್ಟಂತಿರುವ ಆ ಮಗ್ಗುಲಲ್ಲಿ ಜಾತಿಯ ವಿಳಾಸವಿರುತ್ತದೆ. ಗ್ರಾಸ್ ಬ್ಲೂ ಎಂಬ ಪುಟಾಣಿಗಳನ್ನೇ ನೋಡಿ. ಮುಂರೆಕ್ಕೆಯ ನಡುವಿನ ಕೋಶದೊಳಗೆ, ಅಂದರೆ ರೆಕ್ಕೆಯ ನರಗಳು ಸುತ್ತುವರಿದ ಜಾಗದಲ್ಲಿ, ಒಂದು ಚುಕ್ಕೆಯಿದ್ದರೆ ಪೇಲ್ ಅಥವಾ ಡಾರ್ಕ್ ಗ್ರಾಸ್ ಬ್ಲೂ ಎಂದು ಯೋಚಿಸಬಹುದು. ಲೆಸ್ಸರ್ ಗ್ರಾಸ್ ಬ್ಲೂಗೆ ಆ ಚುಕ್ಕೆಯಿಲ್ಲ. ಜೊತೆಗೆ ಅದರ ಹಿಂರೆಕ್ಕೆಯ ಚುಕ್ಕೆಗಳ ಕಮಾನಿನಲ್ಲಿ ಮೇಲಂಚಿನ ಬಳಿಯ ಒಂದು ಚುಕ್ಕೆ ಸಾಲು ಬಿಟ್ಟು ಒಳಕ್ಕೆ ಸರಿದು ನಿಂತಿರುತ್ತದೆ. ಇವುಗಳಲ್ಲೇ ತೀರ ಕಿರಿದಾದ ಟೈನಿ ಗ್ರಾಸ್ ಬ್ಲೂ ತನ್ನ ಗುರುತನ್ನು ಮುಂರೆಕ್ಕೆಯ ಮುಂದಿನ ಅಂಚಿನಲ್ಲೇ ಒಂದು ಕಿರುಚುಕ್ಕೆಯಾಗಿ ಇಟ್ಟುಕೊಂಡಿದೆ. ಇಷ್ಟು ಸಣ್ಣ ಜೀವಿಯ ಮೇಲೆ ಇದ್ದೂ ಇಲ್ಲದಂತಿರುವ ಒಂದು ಚುಕ್ಕೆಗಾಗಿ ದೊಡ್ಡವರು ವಾದಕ್ಕಿಳಿಯುವುದು ನನಗೆ ಹಾಸ್ಯಾಸ್ಪದವೆನಿಸಿಲ್ಲ. ಚುಕ್ಕೆಯ ಬದಲು ಬಣ್ಣದ ಬಗ್ಗೆ ವಾದಿಸುವವರೇ ವಿಚಿತ್ರವೆನಿಸುತ್ತಾರೆ.

ಚಿಟ್ಟೆ ಎಲ್ಲಿ ಸುಳಿಯುತ್ತಿದೆ ಎಂಬುದೂ ಸಾಕ್ಷ್ಯವೇ. ಆಕ್ಸಾಲಿಸ್ ಎಂಬ ಹುಳಿರುಚಿಯ ಕಳೆಯ ಮೇಲೆ ಹೆಣ್ಣೊಂದು ಮೊಟ್ಟೆಯಿಡುತ್ತಿದ್ದರೆ, ಪೇಲ್ ಗ್ರಾಸ್ ಬ್ಲೂ ಎಂಬ ಊಹೆಗೆ ಬಲ ಬರುತ್ತದೆ. ಆದರೆ ಒಣ ಋತುವಿನಲ್ಲಿ ಹಲವು ಚಿಟ್ಟೆಗಳ ಕೆಳಮೈ ಗುರುತುಗಳು ಮಸುಕಾಗುವುದರಿಂದ ಒಂದೇ ಲಕ್ಷಣವನ್ನು ನೆಚ್ಚುವುದು ಕ್ಷೇಮವಲ್ಲ. ಇನ್ನು ಅಗ್ರೊಡಯೇಟಸ್ ಎಂಬ ಗುಂಪಿನ ಕೆಲವು ನೀಲಿಗಳನ್ನು ಪರಸ್ಪರ ಬೇರ್ಪಡಿಸಲು ತಜ್ಞರು ವರ್ಣತಂತುಗಳನ್ನೇ ಎಣಿಸಬೇಕಾಯಿತು. ಅಂಥವುಗಳ ಮುಂದೆ ಬರಿಗಣ್ಣಿನ ವೀಕ್ಷಕ ಟಿಪ್ಪಣಿ ಪುಸ್ತಕದಲ್ಲಿ ಗುಂಪಿನ ಹೆಸರನ್ನಷ್ಟೇ ಬರೆದು, ಜಾತಿಯ ಜಾಗವನ್ನು ಖಾಲಿ ಬಿಡುವುದೇ ಸರಿ.