ರಾಜಾಸೀಟಿನಲ್ಲಿ ನುಡಿಸುವ ಶಿಲ್ಪ ಬೇಕಾ?

ಪರ

ಮಡಿಕೇರಿ ಕೋಟೆಯ ಗಾರೆ ಆನೆಗಳ ಮುಂದೆ ಎಲ್ಲರೂ ಮಾಡುವುದು ಒಂದೇ, ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು. ಶಿಲ್ಪ ಅಂದ್ರೆ ಮುಟ್ಟಬಾರದು ಅಂತ ನಮಗೆ ರೂಢಿಯಾಗಿಬಿಟ್ಟಿದೆ. ಮುಟ್ಟಿದರೆ ಹಾಡುವಂಥದ್ದೊಂದನ್ನು ಇದೇ ಊರಿನ ರಾಜಾಸೀಟ್ ಉದ್ಯಾನದಲ್ಲಿ ನಿಲ್ಲಿಸಿದರೆ ಹೇಗೆ?

ಇದೇನು ಹೊಸ ಹುಚ್ಚಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ಟಣ್ ಅನ್ನುತ್ತವೆ. ಬಡಿದು ಬಡಿದು ಆದ ಹಳೆಯ ಗುಳಿಗಳೂ ಅಲ್ಲಿವೆ. ಕ್ರೊವೇಷಿಯಾದ ಜಾದರ್ ಊರಲ್ಲಿ 2005ರಿಂದ ಕಡಲ ತೆರೆಗಳೇ 35 ಕೊಳವೆಗಳನ್ನು ನುಡಿಸುತ್ತಿವೆ. ನಮಗೆ ಕಡಲಿಲ್ಲ, ಕೈಗಳಿವೆಯಲ್ಲ.

ತೂಗುಹಾಕಿ ಕೋಲಿನಿಂದ ಬಡಿಯಲು ಅಲ್ಯೂಮಿನಿಯಂ ಪೈಪು ಸಾಕು. ಆದರೆ ಕೊಯ್ಯುವಾಗ ಹುಷಾರು: ಉದ್ದ ಅರ್ಧವಾದರೆ ಸ್ವರ ಏರುವುದು ಒಂದು ಸ್ಥಾಯಿಯಲ್ಲ (ಸ್ಥಾಯಿ ಅಂದ್ರೆ ಕೆಳಗಿನ ಸ ದಿಂದ ಮೇಲಿನ ಸ ವರೆಗೆ), ಹೆಚ್ಚುಕಮ್ಮಿ ಎರಡು. ಎರಡೂ ತುದಿಯಿಂದ ಉದ್ದದ ಶೇ. 22ರಷ್ಟು ಒಳಗೆ ತೂತು ಹಾಕಿ ಹಗ್ಗ ಕಟ್ಟಬೇಕು. ಪೈಪು ಅಲ್ಲಿ ಅದುರುವುದಿಲ್ಲ, ಹಾಗಾಗಿ ಹಗ್ಗ ನಾದವನ್ನು ನುಂಗುವುದಿಲ್ಲ. ಮೋಹನ ರಾಗದ ಸ ರಿ ಗ ಪ ದ ಐದೇ ಸ್ವರ ಇಟ್ಟರೆ ಯಾವ ಮಗು ಯಾವುದನ್ನು ಬಡಿದರೂ ಕಿವಿಗೆ ಕಷ್ಟವಾಗದು. ಪಕ್ಕದಲ್ಲಿ ಕೊಡವರ ಪುಟ್ಟ ಚರ್ಮವಾದ್ಯ ದುಡಿ ಹಿಡಿದ ನಾಲ್ವರು ಹಿರಿಯರೂ ಕೂತರೆ? ಆಸೆಗೇನು ದುಡ್ಡು ಕೊಡಬೇಕಾ!

ವಿರೋಧ

ಮಗು ಬಡಿದರೆ ಸರಿ. ಬಡಿಯುವುದು ಮಗು ಮಾತ್ರ ಅಲ್ವಲ್ಲ. ಭಾನುವಾರ ಸಂಜೆ ರಾಜಾಸೀಟಿಗೆ ಬಂದು ನೋಡಿ. ಸೂರ್ಯ ಮುಳುಗುವುದನ್ನು ಸುಮ್ನೆ ನೋಡಲು ಬಂದವರಿಗೆ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಅವರ ಕಿವಿಯ ಪಕ್ಕದಲ್ಲೇ ಟಣ ಟಣ ಬೇರೆ ಬೇಕಾ? ಮೋಹನದಲ್ಲಿ ಮಾಡಿದರೂ ಗಲಾಟೆ ಗಲಾಟೆಯೇ.

ಹಂಪಿಯನ್ನು ನೆನೆಸಿಕೊಳ್ಳಿ. ವಿಜಯ ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳು ಬೆರಳಲ್ಲಿ ತಟ್ಟಿದರೆ ನುಡಿಯುತ್ತಿದ್ದವು. ಬಂದವರೆಲ್ಲ ತಟ್ಟಿದರು. ಕಲ್ಲಿಗೇ ಪೆಟ್ಟಾಗಿ, ಈಗ ತಟ್ಟುವ ಹಾಗಿಲ್ಲ. ಕಲ್ಲಿನ ಪಾಡೇ ಹೀಗಾದರೆ ಪೈಪಿನದ್ದು ಕೇಳಬೇಕಾ?

ನಮ್ಮ ಮಳೆಯೂ ಇದೆ. ಅಲ್ಯೂಮಿನಿಯಂಗೆ ಕಬ್ಬಿಣದ ತುಕ್ಕು ಹಿಡಿಯದಿರಬಹುದು. ಹಗ್ಗ ಕೊಳೆಯುತ್ತದೆ, ಬೋಲ್ಟು ಸಡಿಲವಾಗುತ್ತದೆ. ಬಡಿಯುವ ಕೋಲನ್ನು ಯಾರೋ ಹೊತ್ತೊಯ್ದ ಮರುದಿನವೇ ಜನ ಕಲ್ಲೆತ್ತಿಕೊಳ್ಳುತ್ತಾರೆ.

ಜಾದರ್‌ನದ್ದು ನನಗೂ ಇಷ್ಟವೇ. ಆದರೆ ಅಲ್ಲಿ ನುಡಿಸುವುದು ಕಡಲು, ಜನ ಕೂತು ಕೇಳುತ್ತಾರೆ. ಇಂಗ್ಲೆಂಡಿನ ಬರ್ನ್ಲಿ ಊರಿನ ಗುಡ್ಡದ ಮೇಲೆ ಉಕ್ಕಿನ ಪೈಪುಗಳ ಮರವೊಂದಿದೆ, ಅದನ್ನು ಗಾಳಿ ನುಡಿಸುತ್ತದೆ. ಗಾಳಿ ನಮ್ಮಲ್ಲೂ ಇದೆ, ಅದಕ್ಕೆ ಕೋಲೂ ಬೇಡ.

ಕೈಯಲ್ಲೇ ಬಡಿಯಬೇಕು ಅಂದ್ರೆ ಯಾವುದಾದರೂ ಶಾಲೆಯ ಅಂಗಳದಲ್ಲಿ ಇಡಿ. ಅಲ್ಲಾದರೆ ಸಂಜೆ ಬೆಲ್ ಹೊಡೆದಾಗ ಕೋಲು ಟೀಚರ ಬೀರುವಿಗೆ ವಾಪಸ್ ಬರುತ್ತದೆ.